ಕಾಲ ಹೇಳುವ ಚಿಕ್ಕ ಮಾತುಗಳು: ಇಂಗ್ಲಿಷ್ ಬರೆಯುವ ನಮ್ಮ ಮಕ್ಕಳಿಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ಮಾತನಾಡುವ ಅವಕಾಶ ಕೊಟ್ಟದ್ದಕ್ಕೆ ಮೊದಲಿಗೆ ನನ್ನ ಕೃತಜ್ಞತೆಗಳು. ಸಾಫ್ಟ್‌ವೇರ್ ಕೆಲಸದವನು ಬರುತ್ತಾನೆ ಎಂದಾಗ ಕೃತಕ ಬುದ್ಧಿಮತ್ತೆ, ಮೊಬೈಲ್ ಆ್ಯಪ್ ಇಂಥ ವಿಷಯ ಹೇಳುತ್ತಾನೆ ಎಂದು ನೀವು ಕಾದಿರಬಹುದು. ಆದರೆ ನನ್ನನ್ನು ಕರೆದ ಗುರುಗಳು, ‘ಮಕ್ಕಳಿಗೆ ಪರೀಕ್ಷೆಗೂ ಆಗಬೇಕು, ಆಮೇಲೂ ಆಗಬೇಕು, ಅಂಥದ್ದೇನಾದರೂ ಹೇಳಪ್ಪ’ ಎಂದರು. ಆದ್ದರಿಂದ ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವಾಗ ನಿನ್ನೆ, ನಾಳೆ, ಇನ್ನೂ, ಆಗಲೇ, ಅಷ್ಟರೊಳಗೆ, ಅಲ್ಲಿಯವರೆಗೆ ಎಂಬ ಕಾಲದ ಮಾತುಗಳನ್ನು ಸರಿಯಾಗಿ ಬಳಸುವುದು ಹೇಗೆ ಎಂಬುದೇ ಆ ವಿಷಯ.

ಇದು ಬರೀ ವ್ಯಾಕರಣದ ಮಾತು, ಒಂದೆರಡು ಅಂಕದ ಮಾತು ಎಂದು ಅನ್ನಿಸಬಹುದು. ಹಾಗಲ್ಲ. ನಮ್ಮ ಕೆಲಸದಲ್ಲಿ ಪ್ರೋಗ್ರಾಮ್ ಬರೆಯುವಷ್ಟೇ ಹೊತ್ತು ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತೇವೆ. ಓದುವವರು ಬೇರೆ ದೇಶದಲ್ಲಿರುತ್ತಾರೆ. ನಮ್ಮ ಮುಖ ಅವರಿಗೆ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಬರೆದ ಮಾತು ಮಾತ್ರ ತಲುಪುತ್ತದೆ. ಒಮ್ಮೆ ರಾತ್ರಿ ಪಾಳಿಯಲ್ಲಿದ್ದ ಒಬ್ಬ ಹೊಸ ಹುಡುಗ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಹಳ ಜಾಣ, ಅಮೆರಿಕದ ಗ್ರಾಹಕರಿಗೆ ಒಂದು ಸಾಲು ಬರೆದ: ‘ದಿ ಸರ್ವರ್ ವಾಸ್ ಡೌನ್ ಸಿನ್ಸ್ ಟು ಅವರ್ಸ್.’ ಸರ್ವರ್ ಎರಡು ಗಂಟೆಯಿಂದ ನಿಂತಿದೆ, ಇನ್ನೂ ನಿಂತೇ ಇದೆ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ. ಓದಿದವರು ‘ವಾಸ್’ ಎಂಬುದನ್ನು ನೋಡಿ, ಎರಡು ಗಂಟೆ ನಿಂತಿತ್ತು, ಈಗ ಸರಿಯಾಗಿದೆ ಎಂದು ತಿಳಿದು ಸುಮ್ಮನಾದರು. ಅವರು ಎಚ್ಚೆತ್ತು ಸಹಾಯಕ್ಕೆ ಬರುವಷ್ಟರಲ್ಲಿ ಇನ್ನೂ ಹಲವು ಗಂಟೆ ಕಳೆದಿತ್ತು. ಹುಡುಗ ತೊಂದರೆಯನ್ನು ಸರಿಯಾಗಿಯೇ ಕಂಡುಹಿಡಿದಿದ್ದ, ತಡಮಾಡದೆ ತಿಳಿಸಿಯೂ ಇದ್ದ. ಆದರೂ ಮಾತು ಕೇಳಬೇಕಾಗಿ ಬಂದದ್ದು ಅವನೇ. ಅವನು ‘ದಿ ಸರ್ವರ್ ಹ್ಯಾಸ್ ಬೀನ್ ಡೌನ್ ಫಾರ್ ಟು ಅವರ್ಸ್’ ಎಂದು ಬರೆದಿದ್ದರೆ, ಇನ್ನೂ ನಿಂತಿದೆ ಎಂಬುದು ಅದರಲ್ಲೇ ಬಂದುಬಿಡುತ್ತಿತ್ತು.

ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಿಂದ ಕನ್ನಡದಲ್ಲಿ ಓದಿದ ಮಕ್ಕಳು ಬೆಂಗಳೂರಿಗೆ, ತುಮಕೂರಿಗೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಿಂದ. ನೀವು ನಮಗಿಂತ ನಾಲ್ಕು ವರ್ಷ ಮುಂದಿದ್ದೀರಿ. ಆದರೂ ಕೆಲಸಕ್ಕೆ ಬರುವ ಅರ್ಜಿಗಳನ್ನು ಓದುವಾಗ ನಾನು ನೋಡುವ ತಪ್ಪುಗಳು ಹಳೆಯವೇ. ದೊಡ್ಡ ದೊಡ್ಡ ಪದಗಳು ಸರಿಯಿರುತ್ತವೆ, ಎಡವುವುದು ಈ ಚಿಕ್ಕ ಮಾತುಗಳಲ್ಲಿ.

ಅದಕ್ಕೆ ಕಾರಣ ನಮಗೆ ಕಾಲದ ಅರಿವಿಲ್ಲ ಎಂದಲ್ಲ. ನಮ್ಮ ಅಜ್ಜ ಅಜ್ಜಿಯರು ವರ್ಷವನ್ನು ಮಳೆಯ ಲೆಕ್ಕದಲ್ಲಿ ಹೇಳುತ್ತಾರೆ. ಭರಣಿ, ಕೃತ್ತಿಕೆ, ರೋಹಿಣಿ ಎಂದು 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಶೇಂಗಾ ಬಿತ್ತಬೇಕು ಎಂದು ಕೇಳಿದರೆ ಕ್ಯಾಲೆಂಡರ್ ನೋಡದೆ ಹೇಳುತ್ತಾರೆ. ನಾಳೆಯ ಮರುದಿನಕ್ಕೆ ನಮ್ಮಲ್ಲಿ ‘ನಾಳಿದ್ದು’ ಎಂಬ ಒಂದೇ ಪದ ಇದೆ, ಇಂಗ್ಲಿಷಿನಲ್ಲಿ ಅದಕ್ಕೆ ‘ದಿ ಡೇ ಆಫ್ಟರ್ ಟುಮಾರೋ’ ಎಂದು ನಾಲ್ಕು ಪದ ಬೇಕು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಕೊನೆಯ ಪ್ರಕರಣವನ್ನು ಅವ್ಯಯಗಳಿಗೇ ಮೀಸಲಿಟ್ಟಿದ್ದಾನೆ. ನಿಮ್ಮ ಕನ್ನಡ ವ್ಯಾಕರಣದಲ್ಲೂ ಆಗ, ಈಗ, ನಿನ್ನೆ, ಒಡನೆ ಇವೆಲ್ಲ ಅವ್ಯಯಗಳೆಂದು ಓದಿದ್ದೀರಿ. ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದವು ಅವು.

ತೊಂದರೆ ಇರುವುದು ಬೇರೆ ಕಡೆ. ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನ ಒಂದು ಪದ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಕಾಲದ ಮಾತುಗಳು ಹಾಗೆ ಒಂದಕ್ಕೊಂದು ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಪದವನ್ನು ಅನುವಾದಿಸಬೇಡಿ, ಮೊದಲು ಕನ್ನಡದಲ್ಲೇ ‘ನಾನು ಹೇಳುತ್ತಿರುವುದು ಯಾವ ಕಾಲ?’ ಎಂದು ಕೇಳಿಕೊಳ್ಳಿ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಮೊದಲನೆಯದು, ನಮ್ಮ ‘ಇಂದ’. ರಜೆ ಚೀಟಿಯಿಂದಲೇ ಶುರುಮಾಡೋಣ. ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟು ಡೇಸ್’ ಎಂದು ಬರೆಯದ ವಿದ್ಯಾರ್ಥಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಕನ್ನಡದಲ್ಲಿ ‘ಸೋಮವಾರದಿಂದ ಜ್ವರ’ ಎನ್ನುತ್ತೇವೆ, ‘ಎರಡು ದಿನದಿಂದ ಜ್ವರ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷಿನಲ್ಲಿ ಇವೆರಡೂ ಬೇರೆ. ಶುರುವಾದ ಗಳಿಗೆಯನ್ನು ಹೇಳಿದರೆ ‘ಸಿನ್ಸ್’, ಕಳೆದ ಅವಧಿಯನ್ನು ಹೇಳಿದರೆ ‘ಫಾರ್’. ಯಾವುದು ಎಂದು ಗೊತ್ತಾಗದಿದ್ದರೆ ಕನ್ನಡದಲ್ಲೇ ಪ್ರಶ್ನೆ ಹಾಕಿ. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರ ಬಂದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್, ಸಿನ್ಸ್ 2018. ‘ಎಷ್ಟು ಹೊತ್ತಿನಿಂದ, ಎಷ್ಟು ದಿನದಿಂದ?’ ಎಂಬುದಕ್ಕೆ ಉತ್ತರ ಬಂದರೆ ಫಾರ್: ಫಾರ್ ಟು ಡೇಸ್, ಫಾರ್ ತ್ರೀ ಅವರ್ಸ್, ಫಾರ್ ಫಿಫ್ಟಿ ಇಯರ್ಸ್.

ಕ್ರಿಯಾಪದವೂ ಬದಲಾಗಬೇಕು. ಕನ್ನಡದಲ್ಲಿ ‘ಎರಡು ದಿನದಿಂದ ನರಳುತ್ತಿದ್ದೇನೆ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ‘ಹ್ಯಾವ್ ಬೀನ್’ ಬೇಕು. ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟು ಡೇಸ್’ ಅಥವಾ ‘ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಮಂಡೇ’ ಎಂದರೆ ಸರಿ. ಕನ್ನಡದ ಅವ್ಯಯದಂತೆ ಇಂಗ್ಲಿಷಿನ ಕಾಲದ ಪದವೂ ತಾನು ಬದಲಾಗುವುದಿಲ್ಲ, ಆದರೆ ತನ್ನ ವಾಕ್ಯದ ಕ್ರಿಯಾಪದ ಹೇಗಿರಬೇಕು ಎಂದು ಅದೇ ತೀರ್ಮಾನಿಸುತ್ತದೆ. ಇದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಇದು ರಜೆ ಚೀಟಿಗೆ ನಿಲ್ಲುವುದಿಲ್ಲ. ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಉದ್ಘಾಟನೆಯಾದದ್ದು 2018ರಲ್ಲಿ. ಅದರ ಬಗ್ಗೆ ಬರೆಯುವಾಗ ‘ಇಟ್ ಹ್ಯಾಸ್ ಬೀನ್ ಪ್ರೊಡ್ಯೂಸಿಂಗ್ ಪವರ್ ಸಿನ್ಸ್ 2018’ ಎನ್ನಬೇಕು. ಅಲ್ಲಿಯ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಯಾವುದೇ ಗುತ್ತಿಗೆ ಪತ್ರವನ್ನು ತೆಗೆದು ನೋಡಿ, ಯಾವಾಗಿನಿಂದ, ಎಷ್ಟು ವರ್ಷಕ್ಕೆ, ಯಾವಾಗಿನವರೆಗೆ, ಬಾಡಿಗೆ ಯಾವ ದಿನದೊಳಗೆ ಎಂಬ ನಾಲ್ಕು ಕಾಲದ ಮಾತಿನ ಮೇಲೆ ಅದು ನಿಂತಿರುತ್ತದೆ. ನಾಳೆ ನಿಮ್ಮ ಮನೆಗೆ ಅಂಥ ಇಂಗ್ಲಿಷ್ ಕಾಗದ ಬಂದರೆ ಅಪ್ಪ ಓದಲು ಕೊಡುವುದು ನಿಮ್ಮ ಕೈಗೇ.

ಎರಡನೆಯದು, ನಿನ್ನೆ. ‘ನಿನ್ನೆ ಅರ್ಜಿ ಕೊಟ್ಟಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ಅದನ್ನೇ ‘ಐ ಹ್ಯಾವ್ ಸಬ್ಮಿಟೆಡ್ ದಿ ಅಪ್ಲಿಕೇಶನ್ ಯೆಸ್ಟರ್ಡೇ’ ಎಂದು ಬರೆದರೆ ತಪ್ಪು. ಇಂಗ್ಲಿಷಿನಲ್ಲಿ ‘ಹ್ಯಾವ್’ ಬಂದರೆ ಆ ಕೆಲಸಕ್ಕೆ ಈಗಿನ ಜೊತೆ ನಂಟಿದೆ ಎಂದರ್ಥ. ‘ಯೆಸ್ಟರ್ಡೇ’ ಬಂದರೆ ಮುಗಿದ ದಿನ, ಬಾಗಿಲು ಹಾಕಿದ ದಿನ. ಎರಡೂ ಒಂದೇ ವಾಕ್ಯದಲ್ಲಿ ಕೂರುವುದಿಲ್ಲ. ದಿನ ಹೇಳುವುದಾದರೆ ‘ಐ ಸಬ್ಮಿಟೆಡ್ ದಿ ಅಪ್ಲಿಕೇಶನ್ ಯೆಸ್ಟರ್ಡೇ’. ದಿನ ಮುಖ್ಯವಲ್ಲ, ಕೊಟ್ಟಾಗಿದೆ ಎಂಬುದು ಮುಖ್ಯ ಎನ್ನುವುದಾದರೆ ‘ಐ ಹ್ಯಾವ್ ಸಬ್ಮಿಟೆಡ್ ದಿ ಅಪ್ಲಿಕೇಶನ್’. ಲಾಸ್ಟ್ ವೀಕ್, ಲಾಸ್ಟ್ ಇಯರ್, ಟು ಡೇಸ್ ಅಗೋ, ಇನ್ 2022 ಇವೆಲ್ಲ ಯೆಸ್ಟರ್ಡೇ ಜಾತಿಯವೇ. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2022’ ಎಂಬ ವಾಕ್ಯವನ್ನು ಎಷ್ಟು ಅರ್ಜಿಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ‘ಐ ಕಂಪ್ಲೀಟೆಡ್’ ಎಂದರೆ ಸಾಕು, ಪದವೂ ಒಂದು ಕಡಿಮೆ.

ಇದೇ ರೀತಿ ‘ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್’ ಎಂದುಬಿಡುತ್ತೇವೆ. ‘ನಿನ್ನೆ ತುಮಕೂರಿಗೆ ಹೋಗಿದ್ದೆ’ ಎಂಬುದಕ್ಕೆ ‘ಐ ವೆಂಟ್ ಟು ತುಮಕೂರು ಯೆಸ್ಟರ್ಡೇ’ ಎಂದರಾಯಿತು. ‘ಹ್ಯಾಡ್’ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಎಂದು ತೋರಿಸಲು. ನಾನು ಶಿರಾ ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಸ್ಸು ಹೋಗಿಯಾಗಿತ್ತು: ‘ವೆನ್ ಐ ರೀಚ್ಡ್ ದಿ ಬಸ್ ಸ್ಟ್ಯಾಂಡ್, ದಿ ಬಸ್ ಹ್ಯಾಡ್ ಲೆಫ್ಟ್.’ ಬಸ್ಸು ಹೋದದ್ದು ಮೊದಲು, ಅದಕ್ಕೇ ಹ್ಯಾಡ್.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಗಡುವಿನ ಮಾತು. ಕನ್ನಡದಲ್ಲಿ ‘ಶುಕ್ರವಾರದೊಳಗೆ’ ಎಂದರೆ ಒಂದು, ‘ಶುಕ್ರವಾರದವರೆಗೆ’ ಎಂದರೆ ಇನ್ನೊಂದು. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ‘ಶುಕ್ರವಾರದೊಳಗೆ ಕಳೆ ಕೀಳಿಸಿಬಿಡು’ ಎಂದರೆ ಅಷ್ಟರಲ್ಲಿ ಮುಗಿಯಬೇಕು. ‘ಶುಕ್ರವಾರದ ಗಂಟ ಕಳೆ ಕೀಳು’ ಎಂದರೆ ಅಲ್ಲಿಯ ತನಕ ಕೀಳುತ್ತಲೇ ಇರಬೇಕು. ಇಂಗ್ಲಿಷಿನಲ್ಲೂ ಹಾಗೆಯೇ: ‘ಒಳಗೆ’ ಎಂಬುದಕ್ಕೆ ‘ಬೈ’, ‘ವರೆಗೆ, ಗಂಟ’ ಎಂಬುದಕ್ಕೆ ‘ಟಿಲ್’ ಅಥವಾ ‘ಅಂಟಿಲ್’. ‘ಐ ವಿಲ್ ಫಿನಿಶ್ ದಿ ವರ್ಕ್ ಬೈ ಫ್ರೈಡೇ’, ‘ಐ ವಿಲ್ ಬಿ ಇನ್ ದಿ ವಿಲೇಜ್ ಟಿಲ್ ಫ್ರೈಡೇ’. ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ಗೊತ್ತಿರುವ ನಾವು ಇಂಗ್ಲಿಷ್ ಬರೆಯುವಾಗ ‘ಐ ವಿಲ್ ಫಿನಿಶ್ ಟಿಲ್ ಫ್ರೈಡೇ’ ಎಂದು ಏಕೆ ಬರೆಯಬೇಕು? ಕನ್ನಡದ ವಿವೇಕವನ್ನು ಬಾಗಿಲಾಚೆ ಬಿಟ್ಟು ಬರುವುದೇ ಇದಕ್ಕೆ ಕಾರಣ.

ಗಡುವಿನ ಜೊತೆಗೆ ದಿನಗಳ ಎಣಿಕೆ ಬರುತ್ತದೆ. ‘ವಿದಿನ್ ಟೆನ್ ಡೇಸ್’ ಎಂದರೆ ಹತ್ತು ದಿನದೊಳಗೆ, ಮೂರನೇ ದಿನವಾದರೂ ಆಗಬಹುದು. ‘ಆಫ್ಟರ್ ಟೆನ್ ಡೇಸ್’ ಎಂದರೆ ಹತ್ತು ದಿನ ಕಳೆದ ಮೇಲೆ, ಹನ್ನೊಂದೋ ಇಪ್ಪತ್ತೋ ಗೊತ್ತಿಲ್ಲ. ‘ಇನ್ ಟೆನ್ ಡೇಸ್’ ಎಂದರೆ ಸಾಮಾನ್ಯವಾಗಿ ಇವತ್ತಿನಿಂದ ಹತ್ತು ದಿನಕ್ಕೆ. ನಾವು ‘ಹತ್ತು ದಿನ ಬಿಟ್ಟು ಬರುತ್ತೇನೆ’ ಎಂಬುದನ್ನು ‘ಆಫ್ಟರ್’ ಎಂದು ಬರೆದರೆ, ಓದುವವರಿಗೆ ಅದು ದಿನ ಗೊತ್ತುಮಾಡದ ಮಾತಿನಂತೆ ಕೇಳಬಹುದು.

ಕಾನೂನಿನಲ್ಲಿ ಈ ಪದಗಳ ಬೆಲೆ ಏನೆಂದು ನೋಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಹೇಳುವುದು, ಅರ್ಜಿ ಬಂದ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಎಂದು. ಅಲ್ಲಿರುವ ಪದ ‘ವಿದಿನ್’. ಅದರ ಜಾಗದಲ್ಲಿ ‘ಆಫ್ಟರ್’ ಇದ್ದಿದ್ದರೆ ಆ ಹಕ್ಕಿಗೆ ಅರ್ಥವೇ ಇರುತ್ತಿರಲಿಲ್ಲ. ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆಯೂ ಇದೇ ‘ಒಳಗೆ’ ಎಂಬ ಮಾತಿನ ಮೇಲೆ ನಿಂತಿದೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇಂಥವು ಇಷ್ಟು ದಿನದೊಳಗೆ ಸಿಗಬೇಕು ಎಂಬುದೇ ಅದರ ಜೀವ. ಅರ್ಜಿಗಳ ಕೊನೆಯ ದಿನಾಂಕ ಬಂದಾಗ ಇನ್ನೊಂದನ್ನು ಗಮನಿಸಿ. ‘ಬಿಫೋರ್ 30 ಜೂನ್’ ಎಂದಿದ್ದರೆ 29ಕ್ಕೇ ಮುಗಿಯಿತು ಎಂದು ತಿಳಿಯಿರಿ. ‘ಆನ್ ಆರ್ ಬಿಫೋರ್ 30 ಜೂನ್’ ಎಂದಿದ್ದರೆ 30ನೇ ತಾರೀಕೂ ಸೇರಿದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಈ ಎರಡು ಪುಟ್ಟ ಪದಗಳು ಒಂದು ವರ್ಷದ ಹಣವನ್ನು ತರಬಹುದು, ಕಳೆಯಲೂಬಹುದು.

ನಾಲ್ಕನೆಯದು, ‘ಇನ್ನೂ’ ಮತ್ತು ‘ಈಗ’. ‘ಇನ್ನೂ ಓದುತ್ತಿದ್ದಾನೆ’ ಎಂದರೆ ‘ಹಿ ಈಸ್ ಸ್ಟಿಲ್ ರೀಡಿಂಗ್’. ‘ಇನ್ನೂ ಬಂದಿಲ್ಲ’ ಎಂದರೆ ‘ಹಿ ಹ್ಯಾಸ್ ನಾಟ್ ಕಮ್ ಯೆಟ್’. ‘ಇನ್ನೂ ಎರಡು ಬೇಕು’ ಎಂದರೆ ‘ಟು ಮೋರ್’. ಕನ್ನಡದ ಒಂದೇ ಪದ, ಇಂಗ್ಲಿಷಿನಲ್ಲಿ ಮೂರು. ಗುರುತು ಸುಲಭ: ನಡೆಯುತ್ತಲೇ ಇದ್ದರೆ ಸ್ಟಿಲ್, ಆಗಬೇಕಾದದ್ದು ಆಗದಿದ್ದರೆ ಯೆಟ್, ಎಣಿಕೆಯಾದರೆ ಮೋರ್.

‘ಈಗ’ ಎಂಬುದರ ಸಂಸಾರ ಇನ್ನೂ ದೊಡ್ಡದು. ‘ಈಗ ತಾನೆ ಬಂದೆ’ ಎಂದರೆ ‘ಐ ಹ್ಯಾವ್ ಜಸ್ಟ್ ಕಮ್’. ‘ಈಗಾಗಲೇ ಕೊಟ್ಟಿದ್ದೇನೆ’ ಎಂದರೆ ‘ಐ ಹ್ಯಾವ್ ಆಲ್ರೆಡಿ ಗಿವನ್ ಇಟ್’. ‘ಈಗಲೇ ಮಾಡು’ ಎಂದರೆ ‘ಡು ಇಟ್ ರೈಟ್ ಅವೇ’. ‘ಈಗೀಗ’ ಎಂದರೆ ‘ದೀಸ್ ಡೇಸ್’ ಅಥವಾ ‘ಲೇಟ್ಲಿ’. ಈ ‘ಏ’ ಕಾರವನ್ನು ನಾವು ಇಂಗ್ಲಿಷಿಗೂ ಹೊತ್ತುಕೊಂಡು ಹೋಗಿ ‘ನೌ ಇಟ್‌ಸೆಲ್ಫ್’, ‘ನೌ ಓನ್ಲಿ ಐ ಕೇಮ್’ ಎನ್ನುತ್ತೇವೆ. ಬೆಂಗಳೂರಿನಲ್ಲಿ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವಾಗ ಇದು ನಡೆಯುತ್ತದೆ, ನಾನೂ ಅದನ್ನು ನಗುತ್ತಾ ಕೇಳುತ್ತೇನೆ. ಬರವಣಿಗೆಯಲ್ಲಿ ಮಾತ್ರ ಬೇಡ.

ಹಾಗೆಂದು ನಮ್ಮ ನಾಡಿನ ಇಂಗ್ಲಿಷೆಲ್ಲ ತಪ್ಪು ಎಂದು ನಾಚಿಕೊಳ್ಳಬೇಕಾಗಿಲ್ಲ. ಕಾರ್ಯಕ್ರಮವನ್ನು ಮುಂದಕ್ಕೆ ಹಾಕುವುದಕ್ಕೆ ‘ಪೋಸ್ಟ್‌ಪೋನ್’ ಎಂಬ ಪದವಿದೆ. ನಿಗದಿಗಿಂತ ಮೊದಲೇ ನಡೆಸುವುದಕ್ಕೆ ಭಾರತೀಯರು ‘ಪ್ರಿಪೋನ್’ ಎಂದು ಬಳಸಿದರು, ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ಅದರ ಅರ್ಥ ಸ್ಪಷ್ಟವಾಗಿದೆ, ಗೊಂದಲ ಮಾಡುವುದಿಲ್ಲ. ಆದರೂ ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಾವು ಬರೆಯುವುದು ಓದುವವರಿಗಾಗಿ ಎಂಬುದು ಮನಸ್ಸಿನಲ್ಲಿರಲಿ.

ಐದನೆಯದಾಗಿ ಕೆಲವು ಚಿಲ್ಲರೆ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಇವತ್ತು ಬೆಳಿಗ್ಗೆ’ ಎಂಬುದು ‘ಟುಡೇ ಮಾರ್ನಿಂಗ್’ ಅಲ್ಲ, ‘ದಿಸ್ ಮಾರ್ನಿಂಗ್’. ‘ನಿನ್ನೆ ರಾತ್ರಿ’ ಎಂಬುದು ‘ಲಾಸ್ಟ್ ನೈಟ್’. ‘ನಾಳೆ ಬೆಳಿಗ್ಗೆ’ ಮಾತ್ರ ನಮ್ಮ ಹಾಗೆಯೇ ‘ಟುಮಾರೋ ಮಾರ್ನಿಂಗ್’. ‘ಎರಡು ವರ್ಷದ ಹಿಂದೆ’ ಎಂದು ಇವತ್ತಿನಿಂದ ಎಣಿಸಿದರೆ ‘ಟು ಇಯರ್ಸ್ ಅಗೋ’, ‘ಬಿಫೋರ್ ಟು ಇಯರ್ಸ್’ ಅಲ್ಲ. ‘ಎವ್ರಿ’ ಮತ್ತು ‘ಡೇ’ ಬಿಡಿಯಾಗಿ ಬರೆದರೆ ‘ಪ್ರತಿದಿನ’, ಕೂಡಿಸಿ ಒಂದೇ ಪದವಾಗಿ ಬರೆದರೆ ‘ದಿನಬಳಕೆಯ’ ಎಂದಾಗುತ್ತದೆ. ‘ನೆವರ್’ ಎಂಬ ಪದದಲ್ಲೇ ‘ಇಲ್ಲ’ ಸೇರಿದೆ. ‘ನಾನು ಎಂದೂ ನೋಡಿಲ್ಲ’ ಎಂಬುದಕ್ಕೆ ‘ಐ ಹ್ಯಾವ್ ನೆವರ್ ಸೀನ್ ಇಟ್’ ಸಾಕು, ಮತ್ತೊಂದು ‘ನಾಟ್’ ಬೇಡ.

‘ಮೊನ್ನೆ’ ಎಂಬ ಪದದ ಬಗ್ಗೆ ಎಚ್ಚರಿಕೆ ಬೇಕು. ನಮ್ಮ ಊರುಗಳಲ್ಲಿ ಮೊನ್ನೆ ಎಂದರೆ ನಿನ್ನೆಯ ಹಿಂದಿನ ದಿನವೂ ಹೌದು, ಈಚೆಗೆ ಯಾವತ್ತೋ ಒಂದು ದಿನವೂ ಹೌದು. ‘ಮೊನ್ನೆ ತಾನೆ ಮದುವೆ ಆಯಿತು’ ಎಂದು ಎರಡು ತಿಂಗಳ ಹಿಂದಿನದನ್ನೂ ಹೇಳುತ್ತೇವೆ. ಮೊದಲನೆಯದಕ್ಕೆ ‘ದಿ ಡೇ ಬಿಫೋರ್ ಯೆಸ್ಟರ್ಡೇ’, ಎರಡನೆಯದಕ್ಕೆ ‘ದಿ ಅದರ್ ಡೇ’ ಅಥವಾ ‘ರೀಸೆಂಟ್ಲಿ’. ಪೊಲೀಸ್ ಠಾಣೆಗೋ ವಿಮಾ ಕಂಪನಿಗೋ ಬರೆಯುವಾಗ ಯಾವುದನ್ನು ಹಾಕಿದಿರಿ ಎಂಬುದು ಬಹಳ ಮುಖ್ಯವಾಗುತ್ತದೆ.

ಆರನೆಯದು, ಪದ ಎಲ್ಲಿ ಕೂರಬೇಕು ಎಂಬುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕಾಲದ ಮಾತು ಅದರ ಮುಂದೆ ಎಲ್ಲಾದರೂ ಕೂರುತ್ತದೆ: ‘ನಾನು ನಾಳೆ ಊರಿಗೆ ಬರುತ್ತೇನೆ.’ ಇಂಗ್ಲಿಷಿನಲ್ಲಿ ಅದರ ಸಹಜ ಜಾಗ ವಾಕ್ಯದ ಕೊನೆ: ‘ಐ ವಿಲ್ ಕಮ್ ಟು ದಿ ವಿಲೇಜ್ ಟುಮಾರೋ.’ ಒತ್ತು ಕೊಡಬೇಕಾದರೆ ಮೊದಲಿಗೂ ತರಬಹುದು. ಆದರೆ ‘ಐ ಟುಮಾರೋ ವಿಲ್ ಕಮ್’ ಎಂದು ನಡುವೆ ತೂರಿಸುವಂತಿಲ್ಲ. ನಡುವೆ ಕೂರುವವು ಎಷ್ಟು ಸಲ ಎಂದು ಹೇಳುವ ಪದಗಳು: ಆಲ್ವೇಸ್, ಯೂಶುವಲಿ, ಆಫನ್, ನೆವರ್. ನಮ್ಮ ತಾಲ್ಲೂಕಿನ ಕಗ್ಗಲಡುವಿಗೆ ವರ್ಷವರ್ಷವೂ ಬಂದು ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳ ಬಗ್ಗೆ ಬರೆಯಿರಿ: ‘ದಿ ಬರ್ಡ್ಸ್ ಯೂಶುವಲಿ ನೆಸ್ಟ್ ಆನ್ ಟ್ಯಾಮರಿಂಡ್ ಟ್ರೀಸ್’, ‘ದಿ ಬರ್ಡ್ಸ್ ಕಮ್ ಎವ್ರಿ ಇಯರ್’. ಯೂಶುವಲಿ ಕ್ರಿಯಾಪದದ ಮುಂಚೆ, ಎವ್ರಿ ಇಯರ್ ಕೊನೆಗೆ. ಕ್ರಿಯಾಪದ ‘ಈಸ್, ಆರ್’ ಆಗಿದ್ದರೆ ಅದರ ನಂತರ: ‘ದಿ ಬಸ್ ಈಸ್ ಆಲ್ವೇಸ್ ಲೇಟ್.’

ದಿನಾಂಕ ಹೇಳುವ ಕ್ರಮದಲ್ಲೂ ಎರಡು ಭಾಷೆ ಎದುರುಬದುರು. ‘2026ರ ಜೂನ್ 5ರ ಬೆಳಿಗ್ಗೆ 10 ಗಂಟೆಗೆ’ ಎಂದು ನಾವು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತೇವೆ. ‘ಅಟ್ 10 ಎ.ಎಂ. ಆನ್ 5 ಜೂನ್ 2026’ ಎಂದು ಇಂಗ್ಲಿಷ್ ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತದೆ. ಗಂಟೆಗೆ ‘ಅಟ್’, ದಿನಕ್ಕೆ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’. ನಿಮಗೊಂದು ಸಂತೋಷದ ಸಂಗತಿ ಹೇಳುತ್ತೇನೆ. ಕಂಪ್ಯೂಟರುಗಳು ಗೊಂದಲವಿಲ್ಲದೆ ದಿನಾಂಕ ಬರೆಯಲು 1988ರಲ್ಲಿ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಅದರ ಪ್ರಕಾರ ಬರೆಯಬೇಕಾದದ್ದು 2026-06-05. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಥೇಟ್ ನಾವು ಕನ್ನಡದಲ್ಲಿ ಹೇಳುವ ಕ್ರಮವೇ.

ಈ ಮಾನದಂಡ ಏಕೆ ಬೇಕಾಯಿತು ಎಂದರೆ, 5/6 ಎಂದು ಬರೆದರೆ ನಮಗೆ ಜೂನ್ 5, ಅಮೆರಿಕದವರಿಗೆ ಮೇ 6. ‘ಟುಮಾರೋ’ ಕೂಡ ಹಾಗೆಯೇ. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ. ತಾವರೆಕೆರೆಯಲ್ಲಿ ಮಂಗಳವಾರ ಬೆಳಿಗ್ಗೆ ಏಳು ಗಂಟೆಯಾದಾಗ ಅಲ್ಲಿ ಬೇಸಿಗೆಯ ಲೆಕ್ಕಕ್ಕೆ ಇನ್ನೂ ಸೋಮವಾರ ರಾತ್ರಿ ಒಂಬತ್ತೂವರೆ. ನನ್ನ ನಾಳೆ ಬುಧವಾರ, ಅವರ ನಾಳೆ ಮಂಗಳವಾರ. ಆದ್ದರಿಂದ ಯಾರಾದರೂ ನಿಮ್ಮ ಮಾತು ನಂಬಿ ಒಂದು ಕೆಲಸ ಮಾಡಬೇಕಾಗಿದ್ದರೆ ನಾಳೆ, ನಾಳಿದ್ದು, ಮುಂದಿನ ವಾರ ಎಂದಷ್ಟೇ ಬರೆಯಬೇಡಿ. ವಾರ, ತಾರೀಕು, ಗಂಟೆ, ಭಾರತದ ಸಮಯವೇ ಅಲ್ಲವೇ ಎಂಬುದನ್ನು ಬರೆಯಿರಿ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯಿರಿ.

ಮಧ್ಯರಾತ್ರಿಯ ಲೆಕ್ಕವೂ ಅಂಥದ್ದೇ. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತದೆ, ಆದ್ದರಿಂದ ರಾತ್ರಿ ಹನ್ನೆರಡೂವರೆಯನ್ನೂ ನಾವು ಇವತ್ತಿನ ರಾತ್ರಿ ಎಂದೇ ಎಣಿಸುತ್ತೇವೆ. ರೈಲ್ವೆಯ ದಿನ ಮಧ್ಯರಾತ್ರಿಗೆ ಬದಲಾಗುತ್ತದೆ. ಟಿಕೆಟಿನಲ್ಲಿ 15ನೇ ತಾರೀಕು 00:20 ಎಂದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದದ್ದು 14ರ ರಾತ್ರಿ. ಮುಂದೆ ದೂರದ ಊರಿಗೆ ಪರೀಕ್ಷೆ ಬರೆಯಲು ಹೊರಟಾಗ ಇದನ್ನು ನೆನಪಿಸಿಕೊಳ್ಳಿ.

ಇಷ್ಟೆಲ್ಲ ಏಕೆ ಕಲಿಯಬೇಕು, ಮೊಬೈಲಿನಲ್ಲಿ ತಿದ್ದುವ ಆ್ಯಪ್ ಇದೆಯಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ‘ಸಿನ್ಸ್ ಟು ಡೇಸ್’ ಎಂದು ಬರೆದರೆ ಯಂತ್ರ ತಿದ್ದುತ್ತದೆ, ಏಕೆಂದರೆ ಅದು ವ್ಯಾಕರಣದ ತಪ್ಪು. ಆದರೆ ‘ಐ ವಿಲ್ ವರ್ಕ್ ಆನ್ ಇಟ್ ಟಿಲ್ ಫ್ರೈಡೇ’ ಎಂಬುದೂ ಸರಿಯಾದ ವಾಕ್ಯ, ‘ಐ ವಿಲ್ ಫಿನಿಶ್ ಇಟ್ ಬೈ ಫ್ರೈಡೇ’ ಎಂಬುದೂ ಸರಿಯಾದ ವಾಕ್ಯ. ‘ವಿದಿನ್ ಟೆನ್ ಡೇಸ್’, ‘ಆಫ್ಟರ್ ಟೆನ್ ಡೇಸ್’ ಎರಡೂ ಸರಿ. ನಿಮ್ಮ ಮನಸ್ಸಿನಲ್ಲಿ ಇರುವುದು ಯಾವುದು ಎಂಬುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಯಂತ್ರಗಳ ನಡುವೆಯೇ ಕೆಲಸ ಮಾಡುವವನಾಗಿ ಹೇಳುತ್ತೇನೆ, ಅದು ಕಾಗುಣಿತ ತಿದ್ದಬಲ್ಲದು, ನೀವು ಕೊಟ್ಟ ಮಾತು ಏನೆಂಬುದನ್ನು ನೀವೇ ನೋಡಿಕೊಳ್ಳಬೇಕು.

ಕೊನೆಗೆ ಒಂದು ಅಭ್ಯಾಸ ಹೇಳುತ್ತೇನೆ. ಪ್ರತಿದಿನ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನ ಐದು ಸಾಲು ಬರೆಯಿರಿ. ಬೆಳಿಗ್ಗೆ ಏನಾಯಿತು, ನಿನ್ನೆ ಏನಾಯಿತು, ಯಾವುದು ಎಷ್ಟು ದಿನದಿಂದ ನಡೆಯುತ್ತಿದೆ, ಯಾವುದು ಇನ್ನೂ ಆಗಿಲ್ಲ, ಯಾವುದನ್ನು ಯಾವ ದಿನದೊಳಗೆ ಮುಗಿಸುತ್ತೀರಿ. ಹೊಲದ ಕೆಲಸವಿರಲಿ, ಹಸು ಕರು ಹಾಕಿದ್ದಿರಲಿ, ಬಸ್ಸು ತಡವಾಗಿ ಬಂದದ್ದಿರಲಿ, ವಿಷಯಕ್ಕೇನೂ ಕೊರತೆಯಿಲ್ಲ. ಬರೆದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಗಳಿಗೆಯೋ ಅವಧಿಯೋ? ಮುಗಿದದ್ದೋ ನಡೆಯುತ್ತಿರುವುದೋ? ಒಳಗೋ ವರೆಗೋ? ವಾರಕ್ಕೊಮ್ಮೆ ಇಂಗ್ಲಿಷ್ ಮೇಷ್ಟ್ರಿಗೋ ಮೇಡಂಗೋ ತೋರಿಸಿ. ಎಸ್ಎಸ್ಎಲ್‌ಸಿಯಲ್ಲಿ ಪತ್ರಲೇಖನ ಬಂದಾಗ ಅದರ ಫಲ ನಿಮಗೇ ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಂಗ್ಲಿಷಿಗೆ ಅಡ್ಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ‘ಒಳಗೆ’ ಮತ್ತು ‘ವರೆಗೆ’ ಬೇರೆ ಎಂದು ಗೊತ್ತಿರುವ ಮಗುವಿಗೆ ‘ಬೈ’ ಮತ್ತು ‘ಟಿಲ್’ ಹೊಸದೇನಲ್ಲ. ಕನ್ನಡದಲ್ಲಿ ಖಚಿತವಾಗಿ ಯೋಚಿಸುವವರು ಇಂಗ್ಲಿಷಿನಲ್ಲೂ ಖಚಿತವಾಗಿ ಬರೆಯಬಲ್ಲರು. ನಮಗೆ ಹಾಗೆ ಯೋಚಿಸುವುದನ್ನು ಕಲಿಸಿದ್ದು ಈ ಶಾಲೆ. ಇಲ್ಲಿ ಪಾಠ ಮಾಡಿದ, ಈಗಲೂ ಮಾಡುತ್ತಿರುವ ಎಲ್ಲ ಗುರುಗಳಿಗೆ ನಮಸ್ಕರಿಸುತ್ತಾ, ಶಾಲೆ ನೂರು ತುಂಬುವ ವೇಳೆಗೆ ನಿಮ್ಮಲ್ಲೇ ಹಲವರು ಇಲ್ಲಿಗೆ ಬಂದು ಮಾತನಾಡುವಂತಾಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ. 

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು